ಕಟ್ಟಿ ನೋಡಿದ ಮೇಲೆ ಏನು ಗೊತ್ತಾಯಿತು?

ಸಂಸ್ಥೆಗಳು ಹಸಿರಾಗಬೇಕು, ಜೊತೆಗೆ ಡಿಜಿಟಲ್ ಕೂಡ ಆಗಬೇಕು ಎನ್ನುವ ಮಾತು ಈಗ ಎಲ್ಲ ಕಡೆ ಕೇಳಿಬರುತ್ತದೆ. ಯುರೋಪಿಯನ್ ಒಕ್ಕೂಟವಂತೂ ಇವೆರಡನ್ನೂ ಸೇರಿಸಿ ಅವಳಿ ಪರಿವರ್ತನೆ ಎಂದೇ ಕರೆಯುತ್ತದೆ. ಮಾತಿನ ಹಿಂದೆಯೇ ಸಾಮಾನುಗಳೂ ಬಂದಿವೆ. ಕರೆಂಟು ಎಷ್ಟು ಖರ್ಚಾಯಿತು ಎಂದು ತೋರಿಸುವ ಡ್ಯಾಶ್‌ಬೋರ್ಡ್, ಇಂಗಾಲದ ಲೆಕ್ಕ ಇಡುವ ಸಾಫ್ಟ್‌ವೇರ್, ಕೋಣೆಗೊಂದು ಸೆನ್ಸರ್. ಎಷ್ಟೋ ಕಡೆ ಇವೆಲ್ಲ ಇವೆ, ಬಣ್ಣಬಣ್ಣದ ಗ್ರಾಫೂ ಇದೆ. ಕೆಲಸ ಮಾತ್ರ ಮೊದಲು ಹೇಗೆ ನಡೆಯುತ್ತಿತ್ತೋ ಹಾಗೇ ನಡೆಯುತ್ತಿದೆ.

ನನ್ನನ್ನು ಬಹಳ ದಿನದಿಂದ ಕಾಡುತ್ತಿರುವ ಪ್ರಶ್ನೆ ಇದು. ಒಂದು ಉಪಕರಣ ಕಟ್ಟಿದೆವು, ಸರಿ. ಅದರಿಂದ ಯಾರ ಕೆಲಸ ಬದಲಾಯಿತು? ಯಾಕೆ ಬದಲಾಯಿತು? ಇನ್ನೊಂದು ಕಡೆ ಕಟ್ಟಿದರೆ ಅಲ್ಲೂ ಬದಲಾಗುತ್ತದಾ? ಇದಕ್ಕೆ ಉತ್ತರ ಹುಡುಕಲೆಂದೇ, ಒಂದು ವಸ್ತುವನ್ನು ಕಟ್ಟಿ, ಬಳಸಿ, ಅಳೆದು ಕಲಿಯುವ ಒಂದು ಸಂಶೋಧನಾ ವಿಧಾನ ಇದೆ. ಅದರ ಹೆಸರು ಡಿಸೈನ್ ಸೈನ್ಸ್ ರಿಸರ್ಚ್. ಮಾಹಿತಿ ವ್ಯವಸ್ಥೆ, ಮ್ಯಾನೇಜ್‌ಮೆಂಟ್ ವಿಷಯಗಳಲ್ಲಿ ಪಿಎಚ್‌ಡಿ ಮಾಡುವವರಿಗೆ ಇದು ಪರಿಚಿತ. ಹೊರಗಿನವರು ಇದರ ಬಗ್ಗೆ ಮಾತಾಡುವುದು ಕಡಿಮೆ. ಹಸಿರಿನ ಹೆಸರಲ್ಲಿ ಖರ್ಚಾಗುತ್ತಿರುವ ದುಡ್ಡು, ಜನರ ಸಮಯ ಎರಡೂ ಸಣ್ಣದೇನಲ್ಲ. ಹಾಗಾಗಿ ಇದು ಸಂಶೋಧಕರ ಒಳಮಾತಾಗಿ ಉಳಿಯಬಾರದು ಅನ್ನಿಸುತ್ತದೆ.

ಇದರ ಬೇರು ಹರ್ಬರ್ಟ್ ಸೈಮನ್ ಅವರ ವಿಚಾರಗಳಲ್ಲಿದೆ. 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಅವರು 1969ರಲ್ಲೇ ಒಂದು ಪುಸ್ತಕದಲ್ಲಿ ಈ ವಾದ ಮುಂದಿಟ್ಟರು: ಪ್ರಕೃತಿ ವಿಜ್ಞಾನ ಇರುವುದನ್ನು ಇರುವ ಹಾಗೆ ವಿವರಿಸುತ್ತದೆ, ಮನುಷ್ಯ ಮಾಡಿದ ವಸ್ತುಗಳ ಲೋಕಕ್ಕೆ ಹೇಗಿರಬೇಕು ಎಂದು ಕೇಳುವ ವಿಜ್ಞಾನವೂ ಬೇಕು. ಈಗಿನ ಸ್ಥಿತಿಯಿಂದ ಬೇಕಾದ ಸ್ಥಿತಿಗೆ ದಾರಿ ಹಾಕುವವರೆಲ್ಲ ಒಂದರ್ಥದಲ್ಲಿ ವಿನ್ಯಾಸ ಮಾಡುವವರೇ. ಔಷಧಿ ಬರೆದುಕೊಡುವ ವೈದ್ಯರೂ ಅದರಲ್ಲಿ ಸೇರುತ್ತಾರೆ.

1995ರಲ್ಲಿ ಸಾಲ್ವತೋರ್ ಮಾರ್ಚ್ ಮತ್ತು ಜೆರಾಲ್ಡ್ ಸ್ಮಿತ್ ಇದನ್ನು ಇನ್ನೂ ಬಿಡಿಸಿ ಹೇಳಿದರು. ಸಂಶೋಧಕ ಕಟ್ಟುವ ವಸ್ತು ಎಂದರೆ ಯಂತ್ರವೋ ಸಾಫ್ಟ್‌ವೇರೋ ಆಗಿರಲೇಬೇಕು ಅಂತಿಲ್ಲ. ಒಂದು ಸಮಸ್ಯೆಯ ಬಗ್ಗೆ ಮಾತಾಡಲು ಬೇಕಾದ ಪದಗಳು, ಅದನ್ನು ತೋರಿಸುವ ಮಾದರಿ, ಕೆಲಸ ಮಾಡುವ ಕ್ರಮ, ಕೊನೆಗೆ ನಿಜವಾಗಿ ಓಡುವ ವ್ಯವಸ್ಥೆ, ಈ ನಾಲ್ಕೂ ಕಟ್ಟಿದ ವಸ್ತುಗಳೇ. ನನಗೆ ಇದು ತುಂಬಾ ಮುಖ್ಯ ಅನ್ನಿಸುತ್ತದೆ. ಹಸಿರು ಬದಲಾವಣೆ ಎಂದ ಕೂಡಲೇ ಆ್ಯಪ್ ಮಾಡಲು ಓಡುವವರು, ಕೆಲವೊಮ್ಮೆ ಒಂದು ಸಣ್ಣ ನಿಯಮ ಬರೆದಿದ್ದರೆ ಸಾಕಿತ್ತು ಎನ್ನುವುದನ್ನು ನೋಡುವುದೇ ಇಲ್ಲ. 2004ರಲ್ಲಿ ಅಲನ್ ಹೆವ್ನರ್ ಮತ್ತು ಜೊತೆಗಾರರು ಏಳು ಮಾರ್ಗಸೂಚಿಗಳ ಲೇಖನ ಬರೆದ ಮೇಲೆ ಈ ವಿಧಾನಕ್ಕೆ ಗಟ್ಟಿ ನೆಲೆ ಸಿಕ್ಕಿತು.

ಕೆಲಸದ ಕ್ರಮಕ್ಕೆ ಹೆಚ್ಚು ಜನ ಬಳಸುವುದು ಕೆನ್ ಪೆಫರ್ಸ್ ಮತ್ತು ಸಂಗಡಿಗರು 2007ರ ಸುಮಾರಿಗೆ ಕೊಟ್ಟ ಆರು ಹೆಜ್ಜೆಗಳನ್ನು. ಸಮಸ್ಯೆ ಗುರುತಿಸುವುದು, ಪರಿಹಾರದಿಂದ ಏನಾಗಬೇಕು ಎಂದು ನಿಗದಿ ಮಾಡುವುದು, ಕಟ್ಟುವುದು, ಬಳಸಿ ತೋರಿಸುವುದು, ಎಷ್ಟು ಫಲ ಕೊಟ್ಟಿತು ಎಂದು ಅಳೆಯುವುದು, ಕಲಿತದ್ದನ್ನು ಹೇಳುವುದು. ಓದಿದರೆ ಇದರಲ್ಲೇನಿದೆ ಅನ್ನಿಸುತ್ತದೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಇಲ್ಲೂ ಕಟ್ಟಲು ಇಳಿದಾಗಲೇ ಕಷ್ಟ ಗೊತ್ತಾಗುವುದು. ಎಲ್ಲರೂ ಅವಸರದಲ್ಲಿ ದಾಟಿಹೋಗುವ ಹೆಜ್ಜೆ ಎರಡನೆಯದು. ಏನಾಗಬೇಕು ಎಂದು ಮೊದಲೇ ಬರೆದಿಡುವುದು. ಅದನ್ನು ಬರೆಯದಿದ್ದರೆ ಕೊನೆಗೆ ಏನು ಸಿಕ್ಕರೂ ಅದನ್ನೇ ಯಶಸ್ಸು ಅನ್ನಬಹುದು. ಐವತ್ತು ಜನ ಲಾಗಿನ್ ಆದರು, ಬಳಕೆದಾರರು ಚೆನ್ನಾಗಿದೆ ಅಂದರು, ಮುಗಿಯಿತು.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ನಾಲ್ಕಾರು ಕಟ್ಟಡಗಳ ಒಂದು ಕಚೇರಿ ಸಮುಚ್ಚಯ ಅಂದುಕೊಳ್ಳಿ. ಕರೆಂಟಿನ ಬಳಕೆ ಇಳಿಸಬೇಕು. ಸ್ಮಾರ್ಟ್ ಮೀಟರ್ ಹದಿನೈದು ನಿಮಿಷಕ್ಕೊಮ್ಮೆ ರೀಡಿಂಗ್ ಕೊಡುತ್ತದೆ. ಗ್ರಾಫ್ ನೋಡಿದರೆ ರಾತ್ರಿ ಎರಡು ಗಂಟೆಗೂ ಗೆರೆ ಇಳಿದೇ ಇಲ್ಲ, ಹಗಲಿನ ಅರ್ಧದಷ್ಟು ಕರೆಂಟು ಹೋಗುತ್ತಲೇ ಇದೆ. ಯಾರೂ ಇಲ್ಲದ ಮಹಡಿಗಳಲ್ಲಿ ಎಸಿ ಪ್ಲಾಂಟಿನ ದೊಡ್ಡ ಫ್ಯಾನ್‌ಗಳು ತಿರುಗುತ್ತಿವೆ. ಯಾವತ್ತೋ ಒಂದು ತಡರಾತ್ರಿಯ ಕಾರ್ಯಕ್ರಮಕ್ಕೆ ಟೈಮರ್ ಬದಲಾಯಿಸಿದ್ದರು, ಮತ್ತೆ ಸರಿ ಮಾಡಿಲ್ಲ.

ಸಂಶೋಧಕರು ಡ್ಯಾಶ್‌ಬೋರ್ಡ್ ಮಾಡಿಕೊಡುತ್ತಾರೆ. ನಿರ್ದೇಶಕರು ನೋಡುತ್ತಾರೆ. ಅಯ್ಯೋ, ಇಷ್ಟೊಂದು ಪೋಲಾಗುತ್ತಿದೆಯಾ ಅನ್ನುತ್ತಾರೆ. ತಿಂಗಳ ಸಭೆಯಲ್ಲಿ ಚರ್ಚೆಯೂ ಆಗುತ್ತದೆ. ಫ್ಯಾನ್ ಮಾತ್ರ ತಿರುಗುತ್ತಲೇ ಇರುತ್ತದೆ. ಯಾಕೆ? ಆ ಫ್ಯಾನ್ ನಿಲ್ಲಿಸುವ ಕೈ ಗುತ್ತಿಗೆದಾರನ ಕಡೆಯ ರಾತ್ರಿ ಪಾಳಿಯ ಆಪರೇಟರ್‌ದು. ಅವರಿಗೆ ಡ್ಯಾಶ್‌ಬೋರ್ಡಿನ ಲಾಗಿನ್ನೇ ಇಲ್ಲ. ಲಾಗಿನ್ ಕೊಟ್ಟರೂ ಅವರ ಕಡೆಯಿಂದ ಯೋಚಿಸಿ ನೋಡಿ. ಫ್ಯಾನ್ ನಿಲ್ಲಿಸಿ, ಬೆಳಗ್ಗೆ ಯಾರೋ ಸೆಖೆ ಅಂತ ದೂರು ಕೊಟ್ಟರೆ ಬೈಗುಳ ಅವರಿಗೆ. ಸುಮ್ನೆ ಓಡಲು ಬಿಟ್ಟರೆ ಯಾರೂ ಏನೂ ಕೇಳುವುದಿಲ್ಲ. ಹಾಗಿದ್ದ ಮೇಲೆ ಯಾರು ತಾನೇ ಕೈ ಹಾಕುತ್ತಾರೆ?

ಇಲ್ಲಿ ಕೊರತೆ ಇದ್ದದ್ದು ಮಾಹಿತಿಯದ್ದು ಅಂತ ನಾವು ಅಂದುಕೊಂಡೆವು. ನಿಜವಾದ ಕೊರತೆ ಅನುಮತಿಯದ್ದು. ರಾತ್ರಿ ಹತ್ತರ ನಂತರ ಖಾಲಿ ಮಹಡಿಯ ಫ್ಯಾನ್‌ಗಳನ್ನು ಆಪರೇಟರ್ ಯಾರನ್ನೂ ಕೇಳದೆ ನಿಲ್ಲಿಸಬಹುದು, ದೂರು ಬಂದರೆ ಉತ್ತರ ಕೊಡುವವರು ಕಟ್ಟಡದ ಮ್ಯಾನೇಜರ್ ಎಂಬ ಒಂದು ಲಿಖಿತ ನಿಯಮ, ಜೊತೆಗೆ ಆಪರೇಟರ್ ಫೋನಿಗೆ ಯಾವ ಮಹಡಿ ಖಾಲಿ ಎಂದು ತಿಳಿಸುವ ಒಂದು ಸಾಲಿನ ಮೆಸೇಜ್. ಕಟ್ಟಬೇಕಾದ ವಸ್ತು ಇದು. ಇದರಲ್ಲಿ ಡಿಜಿಟಲ್ ಭಾಗ ಸಣ್ಣದು, ಸಂಸ್ಥೆಯ ಭಾಗ ದೊಡ್ಡದು. ಸಮಸ್ಯೆ ಗುರುತಿಸುವ ಮೊದಲ ಹೆಜ್ಜೆಯಲ್ಲಿ ರಾತ್ರಿ ಪಾಳಿಯವರ ಜೊತೆ ಒಂದು ಗಂಟೆ ಕೂತಿದ್ದರೆ ಇದು ಗೊತ್ತಾಗುತ್ತಿತ್ತು. ಹಗಲು ಹೊತ್ತಿನ ಸಭೆಗಳಲ್ಲಿ ಗೊತ್ತಾಗುವ ವಿಷಯ ಅಲ್ಲ ಇದು.

ಈ ಕಾರಣಕ್ಕೇ ನನಗೆ ಪೆಫರ್ಸ್ ಅವರ ಕ್ರಮಕ್ಕಿಂತ 2011ರಲ್ಲಿ ಮೌಂಗ್ ಸೇನ್ ಮತ್ತು ಜೊತೆಯವರು ಮುಂದಿಟ್ಟ ಆ್ಯಕ್ಷನ್ ಡಿಸೈನ್ ರಿಸರ್ಚ್ ಜಾಸ್ತಿ ಇಷ್ಟ. ಮೊದಲು ಕಟ್ಟಿ ಆಮೇಲೆ ಪರೀಕ್ಷೆ ಮಾಡುವ ಪದ್ಧತಿಯನ್ನು ಅವರು ಒಪ್ಪುವುದಿಲ್ಲ. ಕಟ್ಟುವುದು, ಸಂಸ್ಥೆಯೊಳಗೆ ಇಳಿಸುವುದು, ಅಳೆಯುವುದು ಮೂರೂ ಒಟ್ಟಿಗೇ ನಡೆಯುತ್ತವೆ. ವಸ್ತು ಸಂಸ್ಥೆಯನ್ನು ತಿದ್ದುವ ಹಾಗೆ ಸಂಸ್ಥೆಯೂ ವಸ್ತುವನ್ನು ತಿದ್ದುತ್ತದೆ. ಆಪರೇಟರ್ ಮೆಸೇಜನ್ನು ಹೇಗೆ ಬಳಸಿದರು, ಎಲ್ಲಿ ಬಿಟ್ಟರು ಎನ್ನುವುದು ಇಲ್ಲಿ ಮುಂದಿನ ವಾರದ ವಿನ್ಯಾಸಕ್ಕೆ ಕಚ್ಚಾವಸ್ತು. ಆಗ ಸಂಶೋಧಕ ದೂರ ನಿಂತು ನೋಡುವವನಾಗಿ ಇರಲು ಆಗುವುದಿಲ್ಲ. ಅದಕ್ಕೆ ಆಕ್ಷೇಪ ಇದೆ, ನನಗೆ ಗೊತ್ತು. ತಾನೇ ಕಟ್ಟಿದ್ದನ್ನು ತಾನೇ ಅಳೆದರೆ ಪಕ್ಷಪಾತ ಬರುವುದಿಲ್ಲವೇ? ಬರುತ್ತದೆ. ಆದ್ದರಿಂದಲೇ ಅಳತೆಯ ಕೆಲಸವನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಮಾಡಬೇಕು.

ಚೆನ್ನಾಗಿ ಅಳೆದ ಕೆಲಸ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಸ್ನಾನದ ಶವರಿನ ಅಧ್ಯಯನವನ್ನು ತೋರಿಸುತ್ತೇನೆ. ವೆರೆನಾ ಟೀಫೆನ್‌ಬೆಕ್ ಮತ್ತು ಸಂಗಡಿಗರು ಸ್ವಿಟ್ಜರ್ಲೆಂಡಿನ 697 ಮನೆಗಳಲ್ಲಿ ನಡೆಸಿದ್ದು. ಶವರಿನ ಪೈಪಿಗೆ ಸಿಗಿಸುವ ಒಂದು ಪುಟ್ಟ ಮೀಟರ್. ನೀರು ಬೀಳುತ್ತಿರುವಾಗಲೇ ಎಷ್ಟು ಲೀಟರ್ ಆಯಿತು, ಎಷ್ಟು ಶಕ್ತಿ ಹೋಯಿತು ಎಂದು ತೋರಿಸುತ್ತದೆ. ನೀರಿನ ಬಳಕೆ ಏರಿದಂತೆ ಹಿಮಕರಡಿ ನಿಂತ ಮಂಜುಗಡ್ಡೆ ಕರಗುವ ಚಿತ್ರವೂ ಇದೆ. ಮೊದಲ ಹತ್ತು ಸ್ನಾನಗಳಲ್ಲಿ ನೀರಿನ ಬಿಸಿ ಎಷ್ಟು ಎಂಬುದು ಬಿಟ್ಟು ಬೇರೇನೂ ತೋರಿಸಲಿಲ್ಲ, ಆ ಮನೆಯವರ ಮಾಮೂಲಿ ಬಳಕೆ ಎಷ್ಟು ಎಂದು ತಿಳಿಯಲು. ಒಂದು ಗುಂಪಿಗೆ ಕೊನೆಯವರೆಗೂ ಬಿಸಿ ಮಾತ್ರ ತೋರಿಸಿದರು, ಹೋಲಿಸಿ ನೋಡಲು. ಬಳಕೆಯ ಲೆಕ್ಕ ಕಂಡವರು ಸ್ನಾನದ ಶಕ್ತಿಯಲ್ಲಿ ಶೇ. 22ರಷ್ಟು ಉಳಿಸಿದರು.

ಆದರೆ ಈ ಮನೆಯವರು ತಾವಾಗೇ ಅಧ್ಯಯನಕ್ಕೆ ಸೇರಿದವರು. ಮೊದಲೇ ಆಸಕ್ತಿ ಇದ್ದವರು ಉಳಿಸಿದ್ದರಲ್ಲಿ ಏನು ದೊಡ್ಡದು? ಈ ಪ್ರಶ್ನೆಯನ್ನು ಅವರು ಅಲ್ಲಿಗೇ ಬಿಡಲಿಲ್ಲ. ಆರು ಹೋಟೆಲುಗಳ 265 ಕೋಣೆಗಳಲ್ಲಿ ಅದೇ ಬಗೆಯ ಮೀಟರ್ ಹಾಕಿದರು. ಅತಿಥಿಗಳು ಅಧ್ಯಯನಕ್ಕೆ ಹೆಸರು ಕೊಟ್ಟವರಲ್ಲ, ಬಿಸಿನೀರಿನ ಬಿಲ್ಲೂ ಅವರದ್ದಲ್ಲ. ಉಳಿಸಿದರೆ ಒಂದು ಪೈಸೆ ಲಾಭವಿಲ್ಲ. ಆದರೂ ಶೇ. 11.4ರಷ್ಟು ಇಳಿಯಿತು. ಅರ್ಧಕ್ಕೆ ಇಳಿದ ಫಲಿತಾಂಶವನ್ನು 2019ರಲ್ಲಿ ಹಾಗೆಯೇ ಪ್ರಕಟಿಸಿದರು. ನನಗೆ ಈ ಎರಡನೆಯ ಅಂಕಿಯ ಮೇಲೆ ಮೊದಲನೆಯದಕ್ಕಿಂತ ಹೆಚ್ಚು ನಂಬಿಕೆ, ಹೆಚ್ಚು ಗೌರವ.

ಆ ಮೀಟರಿನಲ್ಲಿ ಇನ್ನೊಂದು ವಿಶೇಷ ಇದೆ. ಅದಕ್ಕೆ ಬ್ಯಾಟರಿ ಇಲ್ಲ. ಹರಿಯುವ ನೀರೇ ಒಳಗಿನ ಪುಟ್ಟ ಟರ್ಬೈನ್ ತಿರುಗಿಸುತ್ತದೆ. ಶಕ್ತಿ ಉಳಿಸಲು ಬಂದ ಉಪಕರಣ ತಾನೇ ಎಷ್ಟು ತಿನ್ನುತ್ತದೆ ಎಂದು ಅದನ್ನು ಮಾಡಿದವರು ಯೋಚಿಸಿದ್ದರು. ಎಲ್ಲರೂ ಹೀಗೆ ಯೋಚಿಸುವುದಿಲ್ಲ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನ ಪ್ರಕಾರ 2024ರಲ್ಲಿ ಜಗತ್ತಿನ ಡೇಟಾ ಸೆಂಟರುಗಳು ಸುಮಾರು 415 ಟೆರಾವ್ಯಾಟ್-ಗಂಟೆ ವಿದ್ಯುತ್ ಬಳಸಿದವು, ಒಟ್ಟು ಬಳಕೆಯ ಶೇ. 1.5ರಷ್ಟು. 2022ರಲ್ಲಿ ಜಗತ್ತು ಹೊರಹಾಕಿದ ಇ-ತ್ಯಾಜ್ಯ 6.2 ಕೋಟಿ ಟನ್, ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಹೋಗಿದ್ದಕ್ಕೆ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ. ಪ್ರತಿ ಮೇಜಿಗೂ ಒಂದು ಸೆನ್ಸರ್ ಅಂಟಿಸಿ, ಸೆಕೆಂಡಿಗೊಮ್ಮೆ ಅದರ ಡೇಟಾ ಕ್ಲೌಡಿಗೆ ಕಳಿಸುವ ಹಸಿರು ಯೋಜನೆಯೂ ಈ ಲೆಕ್ಕದೊಳಗೇ ಬರುತ್ತದೆ. ದಿನಕ್ಕೊಮ್ಮೆ ತೆಗೆದುಕೊಳ್ಳುವ ನಿರ್ಧಾರಕ್ಕೆ ಸೆಕೆಂಡಿಗೊಮ್ಮೆ ಡೇಟಾ ಯಾಕೆ ಬೇಕು? ಪರಿಹಾರದಿಂದ ಏನಾಗಬೇಕು ಎಂದು ಬರೆಯುವಾಗಲೇ ಇದನ್ನೂ ಕೇಳಬೇಕು. ಜೊತೆಗೆ 1865ರಲ್ಲಿ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಕಲ್ಲಿದ್ದಲಿನ ಬಗ್ಗೆ ಎತ್ತಿದ ಮಾತೂ ಇದೆ. ಯಂತ್ರ ಕಡಿಮೆ ಕಲ್ಲಿದ್ದಲಲ್ಲಿ ಕೆಲಸ ಮಾಡತೊಡಗಿದರೆ ಕಲ್ಲಿದ್ದಲಿನ ಒಟ್ಟು ಬಳಕೆ ಇಳಿಯುವ ಬದಲು ಏರಬಹುದು. ಒಂದು ಕಟ್ಟಡದಲ್ಲಿ ಉಳಿದ ದುಡ್ಡು ಎಲ್ಲಿಗೆ ಹೋಯಿತು ಎಂದು ಎಷ್ಟು ಪ್ರಬಂಧಗಳು ಕೇಳುತ್ತವೆ?

ಅಳತೆಯ ಬಗ್ಗೆ ಜಾನ್ ವೆನಬಲ್, ಯಾನ್ ಪ್ರೀಸ್-ಹೆಯೆ, ರಿಚರ್ಡ್ ಬ್ಯಾಸ್ಕರ್ವಿಲ್ 2016ರಲ್ಲಿ ಕೊಟ್ಟ ಚೌಕಟ್ಟು ಇದೆ. ಅದರಲ್ಲಿ ಎರಡು ಪ್ರಶ್ನೆಗಳು ಮುಖ್ಯ. ತಿದ್ದಿಕೊಳ್ಳಲು ಅಳೆಯುತ್ತಿದ್ದೀರಾ, ತೀರ್ಪು ಕೊಡಲು ಅಳೆಯುತ್ತಿದ್ದೀರಾ? ಲ್ಯಾಬಿನಂಥ ಕಟ್ಟಿದ ವಾತಾವರಣದಲ್ಲಾ, ನಿಜವಾದ ಜನ ನಿಜವಾದ ಕೆಲಸ ಮಾಡುವ ಕಡೆಯಾ? ಅಪಾಯ ತಂತ್ರಜ್ಞಾನದಲ್ಲಿದ್ದರೆ ಲ್ಯಾಬ್ ಸಾಕಾಗಬಹುದು. ಅಪಾಯ ಜನರ ನಡವಳಿಕೆಯಲ್ಲಿದ್ದರೆ ಬೇಗನೆ ಹೊರಗೆ ಹೋಗಿ. ಹಸಿರು ಬದಲಾವಣೆಯಲ್ಲಿ ಹೆಚ್ಚಿನ ಅಪಾಯ ಎರಡನೆಯದೇ. ಆದರೂ ಪ್ರಶ್ನಾವಳಿ ಕೊಟ್ಟು, ಉಪಯುಕ್ತ ಅನ್ನಿಸಿತಾ ಎಂದು ಕೇಳಿ ಮುಗಿಸುವವರೇ ಜಾಸ್ತಿ. ಉಪಯುಕ್ತ ಅಂದವರ ಮೀಟರ್ ಏನು ಹೇಳಿತು ಎಂದು ನೋಡುವುದು ಕಷ್ಟದ ಕೆಲಸ. ಈ ಬಾರಿ ಚಳಿ ಜಾಸ್ತಿ ಇತ್ತಾ, ಕಚೇರಿಗೆ ಬರುವವರು ಕಡಿಮೆಯಾದರಾ, ಹೋಲಿಸಲು ಇನ್ನೊಂದು ಕಟ್ಟಡ ಇದೆಯಾ, ಇವೆಲ್ಲ ನೋಡಬೇಕು. ಕಷ್ಟ ನಿಜ. ಆದರೆ ಅದನ್ನು ಮಾಡದೆ ಇಂಗಾಲ ಇಳಿಸಿದೆವು ಎಂದು ಬರೆಯುವ ಹಕ್ಕು ಯಾರಿಗೂ ಇಲ್ಲ.

ಸಣ್ಣ ವಿವರವೊಂದು ಫಲಿತಾಂಶವನ್ನೇ ತಿರುಗಿಸಬಹುದು. ಒಂದು ವಿದ್ಯುತ್ ಕಂಪನಿಯ ಗ್ರಾಹಕರ ಪೋರ್ಟಲ್ ಬಗ್ಗೆ 2013ರಲ್ಲಿ ಬಂದ ಅಧ್ಯಯನದಲ್ಲಿ, ಉಳಿತಾಯದ ಗುರಿ ಇಟ್ಟುಕೊಳ್ಳಲು ಹೇಳಿದಾಗ ಜನ ಉಳಿಸಿದರು. ಆದರೆ ಪರದೆಯಲ್ಲಿ ಮೊದಲೇ ತುಂಬಿಟ್ಟ ಗುರಿ ತೀರಾ ಕಡಿಮೆ ಅಥವಾ ತೀರಾ ಹೆಚ್ಚು ಇದ್ದರೆ ಉಳಿತಾಯ ಕುಗ್ಗಿತು. ಒಂದು ಖಾನೆಯಲ್ಲಿ ಮೊದಲೇ ಯಾವ ಅಂಕಿ ಇರಬೇಕು ಎನ್ನುವುದು ಕೋಡ್ ಬರೆಯುವವರು ಅರ್ಧ ನಿಮಿಷದಲ್ಲಿ ತೀರ್ಮಾನಿಸುವ ವಿಷಯ, ಅಲ್ವಾ? ಸಂಶೋಧನೆ ನಡೆಯಬೇಕಾದ್ದು ಅಲ್ಲೇ.

ನ್ಯಾಯದ ವಿಷಯ ಇದೆಲ್ಲದರ ಮಧ್ಯೆ ಕಳೆದುಹೋಗುತ್ತದೆ. ಸರಕು ಲಾರಿಗಳಿಗೆ ಹಾಕುವ ಟೆಲಿಮ್ಯಾಟಿಕ್ಸ್ ಪೆಟ್ಟಿಗೆಯನ್ನೇ ನೋಡಿ. ಗಾಡಿ ಎಷ್ಟು ಡೀಸೆಲ್ ಕುಡಿಯಿತು, ಎಷ್ಟು ಸಲ ಗಕ್ಕನೆ ಬ್ರೇಕ್ ಬಿತ್ತು, ಎಂಜಿನ್ ಸುಮ್ನೆ ಎಷ್ಟು ಹೊತ್ತು ಓಡಿತು, ಎಲ್ಲ ಅದರಲ್ಲಿ ದಾಖಲಾಗುತ್ತದೆ. ಈ ಲೆಕ್ಕ ಮೊದಲು ಡ್ರೈವರ್ ಕೈಗೆ ಹೋದರೆ ಅದು ಅವರ ಕಲಿಕೆ. ಮೊದಲು ಮ್ಯಾನೇಜರ್ ಕೈಗೆ ಹೋಗಿ ಸಂಬಳದಲ್ಲಿ ಕಡಿತವಾಗಿ ಬಂದರೆ ಅದು ಕಾವಲು. ಪೆಟ್ಟಿಗೆ ಅದೇ, ಸಾಫ್ಟ್‌ವೇರ್ ಅದೇ. ಕಾವಲಾದ ಮೇಲೆ ಡ್ರೈವರ್ ಡೀಸೆಲ್ ಉಳಿಸುವುದನ್ನು ಬಿಟ್ಟು ಅಂಕ ಉಳಿಸುವುದನ್ನು ಕಲಿಯುತ್ತಾರೆ. ಬ್ರೇಕ್ ಹಾಕಬೇಕಾದ ಕಡೆಯೂ ಹಿಂಜರಿದರೆ ಅದು ಜೀವಕ್ಕೇ ಅಪಾಯ. ಡೇಟಾ ಯಾರಿಗೆ ಮೊದಲು ಕಾಣಬೇಕು ಎನ್ನುವುದನ್ನು ನಾನು ವಿನ್ಯಾಸದ ತಿರುಳು ಎಂದೇ ತಿಳಿಯುತ್ತೇನೆ. ಅದನ್ನು ನಂತರ ಸೇರಿಸುವ ನೀತಿಯ ಅಧ್ಯಾಯಕ್ಕೆ ಬಿಡಬಾರದು.

ಇಂಗಾಲದ ವರದಿಯಲ್ಲೂ ಇದೇ ತೊಂದರೆ. ಸಂಸ್ಥೆಗಳು ಹಸಿರುಮನೆ ಅನಿಲಗಳ ಲೆಕ್ಕ ಇಡಲು ಬಳಸುವ ಜಿಎಚ್‌ಜಿ ಪ್ರೋಟೋಕಾಲ್ ಹೊರಸೂಸುವಿಕೆಯನ್ನು ಮೂರು ಸ್ಕೋಪ್‌ಗಳಾಗಿ, ಅಂದರೆ ವ್ಯಾಪ್ತಿಗಳಾಗಿ ವಿಂಗಡಿಸುತ್ತದೆ. ಮೂರನೆಯದು ಸಂಸ್ಥೆಯ ಹೊರಗೆ, ಸರಬರಾಜುದಾರರಿಂದ ಹಿಡಿದು ಗ್ರಾಹಕರವರೆಗೆ ಆಗುವಂಥದ್ದು. ಅದರ ಮಾನದಂಡ 2011ರಲ್ಲಿ ಬಂತು. ದೊಡ್ಡ ಕಂಪನಿ ವರದಿಗಾಗಿ ಒಂದು ಸ್ಪ್ರೆಡ್‌ಶೀಟ್ ಕಳಿಸುತ್ತದೆ. ತುಂಬುವವರು ಸಣ್ಣ ಸರಬರಾಜುದಾರರು, ಮೂರು ಗ್ರಾಹಕರಿಗೆ ಮೂರು ಬೇರೆ ಬೇರೆ ನಮೂನೆಯಲ್ಲಿ. ಗೊತ್ತಿಲ್ಲದ ಕಡೆ ಖರ್ಚಾದ ದುಡ್ಡಿಗೆ ಒಂದು ಸರಾಸರಿ ಅಂಕಿಯನ್ನು ಗುಣಿಸಿ ಅಂದಾಜು ಹಾಕುತ್ತಾರೆ. ಹಾಗೆ ಹಾಕಿದರೆ ಒಬ್ಬ ಸರಬರಾಜುದಾರ ಎಷ್ಟು ಚೆನ್ನಾಗಿ ಸುಧಾರಿಸಿದರೂ ಅದು ಲೆಕ್ಕದಲ್ಲಿ ಕಾಣುವುದಿಲ್ಲ, ಬೆಲೆ ಇಳಿಸಿದರೆ ಮಾತ್ರ ಕಾಣುತ್ತದೆ. ವರದಿ ಮಾಡುವ ಉಪಕರಣವನ್ನು ಬದಲಾವಣೆ ತರುವ ಉಪಕರಣ ಎಂದು ಕರೆಯುವ ಮೊದಲು ಇದನ್ನು ಸರಿಮಾಡಬೇಕು.

ಕೊನೆಗೆ ಇನ್ನೊಬ್ಬರಿಗೆ ಕೊಡಬಹುದಾದದ್ದು ಏನು ಉಳಿಯುತ್ತದೆ? ಸಾಫ್ಟ್‌ವೇರ್ ಹಳೆಯದಾಗುತ್ತದೆ. ಉಳಿಯಬೇಕಾದ್ದು ವಿನ್ಯಾಸದ ಸೂತ್ರ. ಶರ್ಲಿ ಗ್ರೆಗೋರ್, ಲಿಯೋನಾ ಚಂದ್ರ ಕ್ರೂಸೆ, ಸ್ಟೆಫಾನ್ ಸೈಡೆಲ್ 2020ರಲ್ಲಿ ಅಂಥ ಸೂತ್ರದಲ್ಲಿ ಏನೇನಿರಬೇಕು ಎಂದು ಬರೆದಿದ್ದಾರೆ. ಯಾರಿಗಾಗಿ, ಯಾವ ಗುರಿಗಾಗಿ, ಯಾವ ಸಂದರ್ಭದಲ್ಲಿ, ಏನು ಮಾಡಬೇಕು, ಅದು ಫಲಿಸುತ್ತದೆ ಎನ್ನಲು ಕಾರಣವೇನು. ನಮ್ಮ ಫ್ಯಾನಿನ ಕತೆಯನ್ನು ಹಾಗೆ ಬರೆದರೆ ಹೀಗಾಗುತ್ತದೆ: ಯಂತ್ರ ನಿಲ್ಲಿಸುವವರು ಬೇರೆ, ಬಿಲ್ ಕಟ್ಟುವವರು ಬೇರೆ ಆಗಿರುವ ಕಟ್ಟಡಗಳಲ್ಲಿ ರಾತ್ರಿ ಬಳಕೆ ಇಳಿಸಲು, ನಿಲ್ಲಿಸುವವರಿಗೆ ಮಾಹಿತಿಯ ಜೊತೆಗೆ ಕೇಳದೆ ನಿಲ್ಲಿಸುವ ಅಧಿಕಾರವನ್ನೂ ಕೊಡಿ, ಏಕೆಂದರೆ ಅವರನ್ನು ತಡೆಯುತ್ತಿರುವುದು ಬೈಗುಳದ ಭಯ. ಇದನ್ನು ಆಸ್ಪತ್ರೆಯಲ್ಲೋ ಗೋದಾಮಿನಲ್ಲೋ ಯಾರಾದರೂ ಪರೀಕ್ಷಿಸಬಹುದು. ತಪ್ಪು ಎಂದು ತೋರಿಸಲೂಬಹುದು. ಬಳಕೆದಾರ ಸ್ನೇಹಿಯಾಗಿರಲಿ, ಪಾರದರ್ಶಕವಾಗಿರಲಿ ಎಂಬಂಥ ಸೂತ್ರಗಳನ್ನು ಯಾರೂ ತಪ್ಪೆಂದು ತೋರಿಸಲಾರರು. ಅಂಥವು ಪ್ರಬಂಧಗಳಲ್ಲಿ ಬೇಕಾದಷ್ಟಿವೆ, ಅವುಗಳಿಂದ ಯಾರಿಗೂ ಉಪಯೋಗವಿಲ್ಲ.

ಹಾಗಾಗಿ ಈ ವಿಷಯದಲ್ಲಿ ನನಗೊಂದು ಬಯಕೆ ಇದೆ. ಫಲಿಸದ ಉಪಕರಣಗಳ ಬಗ್ಗೆಯೂ ಸಂಶೋಧನಾ ಪತ್ರಿಕೆಗಳು ಲೇಖನ ಹಾಕಬೇಕು. ಈಗ ಗೆದ್ದದ್ದು ಮಾತ್ರ ಅಚ್ಚಾಗುತ್ತದೆ, ಮಿಕ್ಕಿದ್ದು ಸಂಶೋಧಕರ ಲ್ಯಾಪ್‌ಟಾಪಿನಲ್ಲೇ ಉಳಿಯುತ್ತದೆ. ಅಧಿಕಾರ ಕೊಟ್ಟರೂ ಆಪರೇಟರ್ ಫ್ಯಾನ್ ನಿಲ್ಲಿಸದ ಒಂದು ಕಟ್ಟಡ ಇದ್ದರೆ ಅದರ ವಿವರ ನಮಗೆ ಬೇಕು. ಗುತ್ತಿಗೆ ಆರು ತಿಂಗಳಿಗೊಮ್ಮೆ ಬದಲಾಗುತ್ತಿತ್ತಾ, ಹೊಸಬರಿಗೆ ನಿಯಮ ಯಾರೂ ಹೇಳಲಿಲ್ವಾ, ಮ್ಯಾನೇಜರ್ ಮೊದಲ ದೂರಿಗೇ ಕೈ ಕೊಟ್ಟರಾ? ಅದು ತಿಳಿದರೆ ಸೂತ್ರಕ್ಕೆ ಇನ್ನೊಂದು ಷರತ್ತು ಸೇರುತ್ತದೆ, ಮುಂದೆ ಕಟ್ಟುವವರು ಆ ಷರತ್ತು ನೋಡಿಕೊಂಡು ಕಟ್ಟುತ್ತಾರೆ.